ಹಳೇ ಪಿಕಪ್‌ನಲ್ಲಿ ಫ್ಯೂಸ್ ಹೋಗ್ತಿದ್ರೆ ದೊಡ್ಡ ಫ್ಯೂಸ್ ಹಾಕಿಸಬೇಡಿ

ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡು ರಾತ್ರಿ ಹೊತ್ತು ಲೋಡ್ ಹೊಡೆಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಗಾಡಿ ನಡುರಸ್ತೆಯಲ್ಲಿ ಹೊತ್ತಿ ಉರಿಯುವುದು ಸ್ವಲ್ಪದರಲ್ಲಿ ತಪ್ಪಿತು.

ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುವವರು ನಾವು. ಗಾಡಿ ಓಡಿಸುವುದು ನನ್ನ ತಮ್ಮ. ಹೈ ಬೀಮ್ ಹಾಕಿ ಸ್ವಲ್ಪ ದೂರ ಹೋದರೆ ಸಾಕು, ಹೆಡ್‌ಲೈಟ್ ಫ್ಯೂಸ್ ಹೋಗ್ತಿತ್ತು. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಒಬ್ಬ ನೀಲಿ ಬಣ್ಣದ 15 ಆಂಪಿಯರ್ ಫ್ಯೂಸ್ ಕಿತ್ತು, ಹಸಿರು ಬಣ್ಣದ 30ರದ್ದು ಚುಚ್ಚಿಕೊಟ್ಟ. ‘ಇನ್ನು ಹೋಗಲ್ಲ ಬಿಡಣ್ಣ’ ಅಂದ.

ಫ್ಯೂಸ್ ಹೋಗಲಿಲ್ಲ, ನಿಜ. ಆದರೆ ಒಂದು ರಾತ್ರಿ ಲೋಡ್ ತುಂಬಿಕೊಂಡು ಹೋಗುವಾಗ ಸ್ಟೇರಿಂಗ್ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹಿಂದೆಯೇ ಡ್ಯಾಶ್‌ಬೋರ್ಡ್ ಸಂದಿಯಿಂದ ಹೊಗೆ. ಗಾಡಿ ಪಕ್ಕಕ್ಕೆ ಹಾಕಿ ಕೀ ಆಫ್ ಮಾಡಿದರೂ ನಿಲ್ಲಲಿಲ್ಲ. ನಮ್ಮ ಗಾಡಿಯಲ್ಲಿ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದ ನೇರ ಬರುತ್ತೆ, ಕೀಗೂ ಅದಕ್ಕೂ ಸಂಬಂಧವಿಲ್ಲ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿದ ಮೇಲೇ ಹೊಗೆ ನಿಂತಿದ್ದು. ಸೀಟಿನ ಕೆಳಗೆ ಸ್ಪ್ಯಾನರ್ ಇತ್ತು, ಬಚಾವಾದೆವು. ನೀವೂ ಒಂದು ಇಟ್ಟುಕೊಂಡಿರಿ.

ಊರಿನ ಹಳೇ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿಸಿ ನೋಡಿದರೆ ಹೊಟ್ಟೆ ಉರಿಯಿತು. ಲೈಟಿನ ಸ್ವಿಚ್ ಒಳಗೆ ಕರಗಿತ್ತು. ಅದಕ್ಕೆ ಬರುವ ದಪ್ಪ ವೈರಿನ ಮೇಲಿನ ಪ್ಲಾಸ್ಟಿಕ್ ಪೂರ್ತಿ ಇಳಿದು, ಅಕ್ಕಪಕ್ಕದ ವೈರುಗಳಿಗೂ ಅಂಟಿ, ವೈರಿಂಗ್ ಕಿಟ್ (ವೈರುಗಳ ಕಟ್ಟು) ಅಲ್ಲಿ ಒಂದು ಕಪ್ಪು ಉಂಡೆಯಾಗಿತ್ತು. ಒಳಗಿನ ತಾಮ್ರ ಬರೀ ಮೈಯಲ್ಲಿ ಕಾಣ್ತಿತ್ತು.

ಅವರು ಬಲ್ಬ್ ತೆಗೆದು ತೋರಿಸಿದರು. ಹಳೇ ಓನರ್ ಬೆಳಕು ಜಾಸ್ತಿ ಬರಲಿ ಅಂತ 100/90 ವ್ಯಾಟ್‌ನದು (ಹೈ ಬೀಮಿಗೆ 100, ಲೋ ಬೀಮಿಗೆ 90) ಹಾಕಿಸಿದ್ದ. ಗಾಡಿಗೆ ಇರಬೇಕಾದದ್ದು 60/55. ಲೆಕ್ಕ ನೋಡಿ. 60 ವ್ಯಾಟ್‌ನ ಎರಡು ಬಲ್ಬ್ ಅಂದರೆ 12 ವೋಲ್ಟಿಗೆ 10 ಆಂಪಿಯರ್. 100ರ ಎರಡು ಅಂದರೆ ಹತ್ತಿರ ಹತ್ತಿರ 17. ಅಂದರೆ 15ರ ಫ್ಯೂಸ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡ್ತಿತ್ತು! ವೈರಿಗೆ ತಡೆಯುವ ಶಕ್ತಿ ಎಷ್ಟೋ ಅಷ್ಟರ ಫ್ಯೂಸ್ ಅಲ್ಲಿರುತ್ತೆ. ಫ್ಯೂಸ್ ದೊಡ್ಡದಾದರೆ ವೈರೇನೂ ದಪ್ಪ ಆಗಲ್ಲ. ಫ್ಯೂಸ್ ಜಾಗಕ್ಕೆ ತಾಮ್ರದ ಎಳೆ ಸುತ್ತುವವರೂ ಇದ್ದಾರೆ, ಅವರ ಹತ್ತಿರ ಗಾಡಿ ಬಿಡಲೇಬೇಡಿ.

ಬೆಳಕು ಕಮ್ಮಿ ಅನ್ನಿಸಿದರೆ ದಾರಿ ಬೇರೆ ಇದೆ. ರಿಲೇ ಹಾಕಿಸಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಅದರ ಪಿನ್‌ಗಳ ಮೇಲೆ ನಂಬರು ಇರುತ್ತೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಯ 30ಕ್ಕೆ, 87ರಿಂದ ಬಲ್ಬಿಗೆ. ಸ್ವಿಚ್ಚಿನ ವೈರು 86ಕ್ಕೆ, 85 ಅರ್ಥ್‌ಗೆ, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ಚಾಸಿಗೆ. ಆಗ ಸ್ವಿಚ್ಚಿನಲ್ಲಿ ಹರಿಯುವುದು ಚೂರೇ ಚೂರು ಕರೆಂಟು. ಹಳೇ ಗಾಡಿಗಳಲ್ಲಿ ಮಾಮೂಲಿ ಬಲ್ಬೇ ಇದರಿಂದ ಎಷ್ಟೋ ಚೆನ್ನಾಗಿ ಉರಿಯುತ್ತೆ.

ಅದಕ್ಕೂ ಮೊದಲು ಅರ್ಥ್ ನೋಡಿಸಿ. ಲೈಟ್ ಮಂಕಾಗಿದೆ, ಇಂಡಿಕೇಟರ್ ಹಾಕಿದರೆ ಹಿಂದಿನ ಟೇಲ್ ಲೈಟೂ ಜೊತೆಗೆ ಮಿಣುಕುತ್ತೆ ಅಂದರೆ ಬಹುಪಾಲು ಅರ್ಥ್‌ದೇ ತೊಂದರೆ. ಚಾಸಿಗೆ ಬೋಲ್ಟ್ ಮಾಡಿರುವ ಜಾಗ ತುಕ್ಕು ಹಿಡಿದಿರುತ್ತೆ. ಬಿಚ್ಚಿ, ಎಮರಿ ಪೇಪರಿನಲ್ಲಿ ಹೊಳೆಯುವ ಹಾಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ. ಮಲ್ಟಿಮೀಟರ್ ಇದ್ದರೆ ಲೈಟ್ ಹಾಕಿಕೊಂಡೇ ಅದರ ಒಂದು ವೈರಿನ ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬಲ್ಬಿನ ಅರ್ಥ್‌ಗೆ ಇಡಿ. ಅರ್ಧ ವೋಲ್ಟ್ ಮೇಲೆ ತೋರಿಸಿದರೆ ಆ ಅರ್ಥ್ ಸರಿಯಿಲ್ಲ.

ಇನ್ನು ಹಳೇ ಗಾಡಿ ತಗೊಳ್ಳುವವರಿಗೆ ಒಂದು ಮಾತು. ಎಂಜಿನ್, ಟೈರ್ ನೋಡಿ ಸುಮ್ನೆ ಅಡ್ವಾನ್ಸ್ ಕೊಡಬೇಡಿ. ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆಸಿ. ಮುಚ್ಚಳದ ಮೇಲೆ ಬರೆದಿರುವ ನಂಬರು, ಒಳಗಿರುವ ಫ್ಯೂಸಿನ ನಂಬರು ಒಂದೇನಾ ನೋಡಿ. ಬ್ಯಾಟರಿ ಟರ್ಮಿನಲ್‌ನಿಂದ ನೇರ ಹೊರಟಿರುವ ವೈರು ಎಲ್ಲಿಗೆ ಹೋಗುತ್ತೆ, ಮಧ್ಯೆ ಫ್ಯೂಸ್ ಇದೆಯಾ ಕೇಳಿ. ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಕಂಡರೆ, ವೈರಿಂಗ್ ಪೂರ್ತಿ ಮಾಡಿಸುವ ಖರ್ಚನ್ನು ರೇಟಿನಲ್ಲಿ ಮುರಿದುಕೊಂಡೇ ಮಾತಾಡಿ.