ಲ್ಯಾಬ್ ಸೈನ್ಸ್ ಕೋರ್ಸ್ ಆರಿಸುವಾಗ: ವಿದ್ಯಾರ್ಥಿಗಳ ಸಾಧನೆಯೋ, ಅಧ್ಯಾಪಕರದ್ದೋ?

ಅಮೆರಿಕದಲ್ಲಿ ಮೆಡಿಕಲ್ ಲ್ಯಾಬೊರೇಟರಿ ಸೈನ್ಸ್ ಓದಬೇಕು ಅಂದುಕೊಂಡಿದ್ದೀರಾ? ಯೂನಿವರ್ಸಿಟಿಗಳು ವಿದ್ಯಾರ್ಥಿಗಳ ಸಾಧನೆಯನ್ನೂ ಅಧ್ಯಾಪಕರ ಸಾಧನೆಯನ್ನೂ ಒಟ್ಟಿಗೇ ತೋರಿಸುತ್ತವೆ. ನಾನು ಮೊದಲು ನೋಡುವುದು ವಿದ್ಯಾರ್ಥಿಗಳದ್ದನ್ನೇ.

ಅದರಲ್ಲೂ ಎಎಸ್‌ಸಿಪಿ (ಅಮೆರಿಕದ ಕ್ಲಿನಿಕಲ್ ಪೆಥಾಲಜಿ ಸಂಘ) ಲ್ಯಾಬ್ ಕೆಲಸದವರಿಗೆ ನಡೆಸುವ ಸರ್ಟಿಫಿಕೇಷನ್ ಪರೀಕ್ಷೆಯ ಫಲಿತಾಂಶ. 100 ಪ್ರಶ್ನೆ, ಎರಡೂವರೆ ಗಂಟೆ. ಸರಿಯಾಗಿ ಉತ್ತರಿಸಿದಂತೆಲ್ಲ ಕಂಪ್ಯೂಟರ್ ಇನ್ನೂ ಕಷ್ಟದ ಪ್ರಶ್ನೆ ಕೊಡುತ್ತಾ ಹೋಗುತ್ತದೆ. 999ಕ್ಕೆ 400 ಬಂದರೆ ಪಾಸ್. ಕೋರ್ಸಿಗೆ ಮಾನ್ಯತೆ ಕೊಡುವ ಎನ್‌ಎಎಸಿಎಲ್‌ಎಸ್ ಸಂಸ್ಥೆಯ ಅಳತೆ ಹೀಗಿದೆ: ಓದು ಮುಗಿಸಿ ವರ್ಷದೊಳಗೆ ಪರೀಕ್ಷೆ ಬರೆದವರಲ್ಲಿ ಶೇ. 75 ಮಂದಿಯಾದರೂ ಪಾಸಾಗಬೇಕು, ಅದೂ ಮೂರು ವರ್ಷದ ಸರಾಸರಿಯಲ್ಲಿ. ಹಾಗಾಗಿ ಒಂದೇ ವರ್ಷದ ಶೇ. 100 ನೋಡಿ ಮರುಳಾಗಬೇಡಿ. ಆ ಬ್ಯಾಚಿನಲ್ಲಿ ಆರೇ ಜನ ಇದ್ದಿರಬಹುದು. ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು ಅಂತಲೂ ಕೇಳಿ.

ಅಧ್ಯಾಪಕರ ಪೇಪರ್, ಪ್ರಶಸ್ತಿ ಲೆಕ್ಕಕ್ಕಿಲ್ಲ ಅಂತಲ್ಲ. ಮುಂದೆ ಪಿಎಚ್‌ಡಿ ಮಾಡುವ ಆಸೆಯಿದ್ದರೆ ಅದಕ್ಕೇ ಜಾಸ್ತಿ ತೂಕ ಕೊಡಿ. ಆಸ್ಪತ್ರೆ ಲ್ಯಾಬಿನ ಕೆಲಸವೇ ಗುರಿಯಾದರೆ ಮಾತ್ರ, ಪ್ರಶಸ್ತಿ ಪಡೆದವರೇ ಲ್ಯಾಬ್ ಬೆಂಚಿನಲ್ಲೂ ಕೈಯಾರೆ ಕೆಲಸ ಕಲಿಸುತ್ತಾರಾ ಎಂದು ವಿಚಾರಿಸಿ. ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ತೆಳುವಾಗಿ ಹರಡಿದ ರಕ್ತ) 100 ಬಿಳಿ ರಕ್ತಕಣ ಎಣಿಸುವಾಗ, ಸೋಂಕಿಗೆ ಉಬ್ಬಿದ ಲಿಂಫೋಸೈಟ್ ಎಂಬ ಬಿಳಿ ಕಣ ಕೂಡ ಬ್ಲಾಸ್ಟ್ (ಇನ್ನೂ ಬೆಳೆಯದ ಎಳೆಯ ಕಣ) ಥರ ಕಾಣುತ್ತದೆ. ಗುರುತು ತಪ್ಪಿದರೆ ಒಂದು ಮನೆಯವರಿಗೆ ಸುಮ್ನೆ ಲ್ಯುಕೇಮಿಯಾದ (ರಕ್ತದ ಕ್ಯಾನ್ಸರ್) ಭಯ. ಪಕ್ಕದಲ್ಲಿ ಕೂತು, “ನ್ಯೂಕ್ಲಿಯಸ್ ಒಳಗಿನ ಕ್ರೊಮಾಟಿನ್ ನೋಡು, ಇಲ್ಲಿ ಗಂಟುಗಂಟಾಗಿದೆ ಅಲ್ವಾ? ಇದು ಬ್ಲಾಸ್ಟ್ ಅಲ್ಲ” ಎಂದು ತೋರಿಸುವವರು ಬೇಕು. ಅಂಥ ಅಧ್ಯಾಪಕರಿರುವ ಕಡೆ ಪೇಪರ್ ಕಡಿಮೆ ಇದ್ದರೂ ನಾನು ಅದನ್ನೇ ಆರಿಸುತ್ತೇನೆ.