ತಾಮ್ರವೆಂದು ಮಾರುವ ಸ್ಪೀಕರ್ ವೈರ್: ಕರಾವಳಿಯವರು ಗಮನಿಸಬೇಕು

ಅಲ್ಯೂಮಿನಿಯಂ ಎಳೆಗಳಿಗೆ ತಾಮ್ರದ ತೆಳುವಾದ ಲೇಪ ಕೊಟ್ಟು, ಅದನ್ನು ಶುದ್ಧ ತಾಮ್ರದ ಸ್ಪೀಕರ್ ವೈರ್ ಎಂದು ಮಾರುವ ವಂಚನೆಗೆ ಕಾರವಾರದ ನಮ್ಮ ಮನೆ ಈಚೆಗೆ ಸಿಕ್ಕಿಬಿದ್ದಿದೆ. ಕಿರುಬೆರಳಿನಷ್ಟು ದಪ್ಪದ ಪಾರದರ್ಶಕ ಹೊದಿಕೆ, ಅದರ ಮೇಲೆ ‘ಆಮ್ಲಜನಕರಹಿತ ತಾಮ್ರ, 2.5 ಚದರ ಮಿಲಿಮೀಟರ್’ ಎಂಬ ಮುದ್ರೆ (ಚದರ ಮಿಲಿಮೀಟರ್ ಎಂದರೆ ಒಳಗಿನ ಲೋಹವನ್ನು ಅಡ್ಡ ಕತ್ತರಿಸಿದಾಗ ಕಾಣುವ ವಿಸ್ತೀರ್ಣ), ಸಾಲದ್ದಕ್ಕೆ ಸಂಗೀತ ಯಾವ ಕಡೆಗೆ ಹರಿಯಬೇಕೆಂದು ತೋರಿಸುವ ಬಾಣದ ಗುರುತು. ಬೆಲೆಯೂ ಇದಕ್ಕೆ ತಕ್ಕಂತೆಯೇ ಇತ್ತು. (ಸ್ಪೀಕರಿಗೆ ಹೋಗುವ ವಿದ್ಯುತ್ತು ಸೆಕೆಂಡಿಗೆ ಹತ್ತಾರರಿಂದ ಸಾವಿರಾರು ಸಲ ದಿಕ್ಕು ಬದಲಿಸುವುದರಿಂದ ಆ ಬಾಣಕ್ಕೆ ಯಾವ ಅರ್ಥವೂ ಇಲ್ಲ.)

ಮಳೆಗಾಲ ಮುಗಿಯುವ ಹೊತ್ತಿಗೆ ಬಲಗಡೆಯ ಸ್ಪೀಕರ್ ಚಂಡೆಯ ಪೆಟ್ಟು ಜೋರಾದಾಗಲೆಲ್ಲ ಗರಗರ ಎನ್ನತೊಡಗಿ, ಕೆಲವೊಮ್ಮೆ ಪೂರ್ತಿ ಮೌನವಾಗುತ್ತಿತ್ತು. ರಿಪೇರಿಯವರು ಆಂಪ್ಲಿಫೈಯರನ್ನು ಬಿಚ್ಚಿ ನೋಡಿ ದೋಷವಿಲ್ಲವೆಂದರು. ದೋಷವಿದ್ದದ್ದು ಸ್ಪೀಕರಿನ ಹಿಂಬದಿಯ ಟರ್ಮಿನಲ್‌ನಲ್ಲಿ: ವೈರಿನ ತುದಿಯ ಎಳೆಗಳು ಬಿಳಿ ಪುಡಿಯಾಗಿ, ಮುಟ್ಟಿದರೆ ಮುರಿಯುವಂತಾಗಿದ್ದವು. ತಾಮ್ರವಾಗಿದ್ದರೆ ಕಪ್ಪಾಗುತ್ತಿತ್ತು ಅಥವಾ ಹಸಿರು ಕಿಲುಬು ಹಿಡಿಯುತ್ತಿತ್ತು. ಬಿಳಿ ಪುಡಿ ಅಲ್ಯೂಮಿನಿಯಂನ ಲಕ್ಷಣ. ತುದಿ ಕತ್ತರಿಸಿದಾಗ ಒಳಗಿನ ಅಲ್ಯೂಮಿನಿಯಂ ತೆರೆದುಕೊಳ್ಳುತ್ತದೆ. ಉಪ್ಪು ಬೆರೆತ ತೇವದಲ್ಲಿ ಅದು ತಾಮ್ರ ಹಿತ್ತಾಳೆಗಳ ಜೊತೆಗಿದ್ದರೆ ಅದೇ ಮೊದಲು ಸವೆಯುತ್ತದೆ, ಸವೆದು ಉಂಟಾಗುವ ಪುಡಿಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಹೀಗೆ ಮುರಿದ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿ ಶಾರ್ಟ್ ಆದರೆ ಆಂಪ್ಲಿಫೈಯರೇ ಸುಡಬಹುದು.

ಕೊಳೆತ ತುದಿಗಳನ್ನು ಕತ್ತರಿಸಿ ಹತ್ತು ಮೀಟರ್ ಉದ್ದದ ಅದೇ ವೈರನ್ನು ಅಳೆದಾಗ, ಹೋಗಿ ಬರುವ ಎರಡೂ ತಂತಿ ಸೇರಿ ಸುಮಾರು 0.7 ಓಮ್ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಒಡ್ಡುವ ಅಡ್ಡಿ, ತೋರಿಸಿತು. 2.5 ಚದರ ಮಿಲಿಮೀಟರಿನ ನಿಜವಾದ ತಾಮ್ರವಾಗಿದ್ದರೆ ಅದು ಸುಮಾರು 0.14 ಓಮ್ ಇರಬೇಕಿತ್ತು. ಲೋಹದ ವ್ಯತ್ಯಾಸವೊಂದರಿಂದಲೇ ಐದು ಪಟ್ಟು ಹೆಚ್ಚುವುದಿಲ್ಲ. ಎಳೆಗಳ ಕಂತೆಯೇ ತೆಳ್ಳಗಿತ್ತು, ದುಂಡನೆಯ ಪಾರದರ್ಶಕ ಹೊದಿಕೆ ಭೂತಗನ್ನಡಿಯಂತೆ ಅದನ್ನು ದಪ್ಪವಾಗಿ ತೋರಿಸುತ್ತಿತ್ತು. ಎಂಟು ಓಮ್ ಎಂದು ಬರೆದಿರುವ ಸ್ಪೀಕರಿನ ರೋಧವೂ ಎಲ್ಲ ಸ್ವರಗಳಲ್ಲಿ ಒಂದೇ ಆಗಿರುವುದಿಲ್ಲವಾದ್ದರಿಂದ, ವೈರಿನ ರೋಧ ಹೆಚ್ಚಾದಷ್ಟೂ ಕೆಲವು ಸ್ವರಗಳು ಉಳಿದವುಗಳಿಗಿಂತ ಹೆಚ್ಚು ತಗ್ಗುತ್ತವೆ. ಕಿವಿಗೆ ಗೊತ್ತಾಗುವ ವ್ಯತ್ಯಾಸ ಇದು. ಆದರೆ ಆಮ್ಲಜನಕರಹಿತ ತಾಮ್ರಕ್ಕೂ ಸಾಮಾನ್ಯ ವಿದ್ಯುತ್ ದರ್ಜೆಯ ತಾಮ್ರಕ್ಕೂ ವಾಹಕತೆಯಲ್ಲಿ ಇರುವುದು ಸುಮಾರು ಶೇಕಡಾ 1ರ ಅಂತರ. ಅದಕ್ಕಾಗಿ ದುಪ್ಪಟ್ಟು ಹಣ ಕೊಡುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ.

ಅಂಗಡಿಯವರು ‘ಕತ್ತರಿಸಿದ ಮಾಲು ವಾಪಸಿಲ್ಲ’ ಎಂದರು. ಬಿಲ್ಲಿನಲ್ಲಿ ಬರೀ ‘ಕೇಬಲ್’ ಎಂದಿದ್ದರಿಂದ ವಾದಕ್ಕೆ ಆಧಾರವೂ ಇರಲಿಲ್ಲ.

ಆದ್ದರಿಂದ ಕತ್ತರಿಸುವ ಮೊದಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ; ಒಳಗೆ ಬೆಳ್ಳಗಿದ್ದರೆ ಅದು ಲೇಪದ ಮಾಲು. ತವರ ಲೇಪಿಸಿದ ತಾಮ್ರ ಹೊರಗಡೆ ಬೆಳ್ಳಗಿದ್ದು ಒಳಗೆ ಕೆಂಪಗಿರುತ್ತದೆ, ಕಡಲಂಚಿಗೆ ಅದೇ ಮೇಲು. ತಾಮ್ರದ ಸಾಂದ್ರತೆ ಅಲ್ಯೂಮಿನಿಯಂನ ಮೂರು ಪಟ್ಟಿಗೂ ಹೆಚ್ಚಿರುವುದರಿಂದ ಸುರುಳಿಯನ್ನು ಎತ್ತಿದಾಗಲೇ ಕೈಗೆ ಅನುಮಾನ ಬರುತ್ತದೆ. ಬಿಲ್ಲಿನಲ್ಲಿ ಲೋಹ ಮತ್ತು ಚದರ ಮಿಲಿಮೀಟರ್ ಎರಡನ್ನೂ ಬರೆಸಿಕೊಳ್ಳಿ. ಬರೆಯಲೊಪ್ಪದ ಅಂಗಡಿಯಲ್ಲಿ ಕೊಳ್ಳುವ ಬದಲು ಮನೆಯ ವೈರಿಂಗಿಗೆ ಬಳಸುವ, ಐಎಸ್‌ಐ ಗುರುತಿರುವ 1.5 ಚದರ ಮಿಲಿಮೀಟರಿನ ತಾಮ್ರದ ಫ್ಲೆಕ್ಸಿಬಲ್ ವೈರನ್ನೇ ತರಬಹುದು. ಈಗ ನಮ್ಮಲ್ಲಿರುವುದು ಅದೇ. ಹತ್ತು ಮೀಟರಿಗೆ ಸುಮಾರು ಕಾಲು ಓಮ್ ಬರುತ್ತದೆ, ಎಂಟು ಓಮ್ ಸ್ಪೀಕರಿಗೆ ಅಷ್ಟು ಸಾಕು.