ರೈಜನ್ 5 5600ಕ್ಕೆ ಬೋರ್ಡ್ ಯಾವುದು, ರ‍್ಯಾಮ್ ಯಾವುದು: ದುಡ್ಡು ಎಲ್ಲಿ ಹಾಕಬೇಕು

ಎಎಂಡಿಯ ರೈಜನ್ 5 5600 ಪ್ರೊಸೆಸರ್ ತಂದು ಓವರ್‌ಕ್ಲಾಕ್ ಮಾಡಲು, ಅಂದರೆ ಕಾರ್ಖಾನೆ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಲು, ಹೊರಟವರು ಮೊದಲು ಕೈ ಬಿಚ್ಚಿ ಖರ್ಚು ಮಾಡುವುದು ಮದರ್‌ಬೋರ್ಡ್ ಮೇಲೆ. ಉಳಿದ ಚಿಲ್ಲರೆಗೆ ಸಿಕ್ಕ ರ‍್ಯಾಮ್ ಹಾಕಿಕೊಳ್ಳುತ್ತಾರೆ. ಈ ಪ್ರೊಸೆಸರ್ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ. ಬೋರ್ಡ್ ಮಧ್ಯಮ ದರ್ಜೆಯದಾದರೆ ಸಾಕು. ಗೇಮ್‌ಗಳಲ್ಲಿ, ಅದರಲ್ಲೂ ಫ್ರೇಮ್ ದಿಢೀರನೆ ಕುಸಿಯುವ ಕಡೆ, ಗೊತ್ತಾಗುವಂಥ ಫರಕು ಬರುವುದು ರ‍್ಯಾಮ್‌ನಿಂದ. ರ‍್ಯಾಮ್ ಎಂದರೆ ಅದರ ಮೇಲಿನ ಆರ್‌ಜಿಬಿ ದೀಪವಲ್ಲ, ಒಳಗಿರುವ ಚಿಪ್.

ಏಕೆಂದರೆ 2022ರ ಏಪ್ರಿಲ್‌ನಲ್ಲಿ ಬಂದ ಈ ಆರು ಕೋರ್, ಹನ್ನೆರಡು ಥ್ರೆಡ್‌ನ ಪ್ರೊಸೆಸರ್ ಕಾರ್ಖಾನೆಯಿಂದಲೇ ತನ್ನ ಮಿತಿಯ ಹತ್ತಿರ ಓಡುತ್ತದೆ. ಬೇಸ್ 3.5 ಗಿಗಾಹರ್ಟ್ಜ್, ಬೂಸ್ಟ್ 4.4. ಟಿಡಿಪಿ 65 ವ್ಯಾಟ್ ಎಂದು ಬರೆದಿದ್ದರೂ ಸಾಕೆಟ್‌ನಿಂದ ಎಳೆಯುವ ನಿಜವಾದ ಮಿತಿ, ಅಂದರೆ ಪಿಪಿಟಿ, 76 ವ್ಯಾಟ್. ಹಳೆಯ ಪದ್ಧತಿಯಂತೆ ಎಲ್ಲ ಕೋರ್‌ಗಳನ್ನೂ 4.6ಕ್ಕೆ ಕಟ್ಟಿಹಾಕಿ ಸ್ಥಿರ ವೋಲ್ಟೇಜ್ ಕೊಡಬಹುದು. ರೆಂಡರಿಂಗ್‌ನಲ್ಲಿ ಒಂದಿಷ್ಟು ಲಾಭವಿದೆ, ಗೇಮಿಂಗ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸುಮ್ಮನಿದ್ದಾಗಲೂ ವೋಲ್ಟೇಜ್ ಇಳಿಯದೆ ಬಿಸಿ ಮಾತ್ರ ಖಾತ್ರಿ. ದಿನಬಳಕೆಗೆ 1.3 ವೋಲ್ಟ್‌ಗಿಂತ ಮೇಲೆ ಸ್ಥಿರವಾಗಿ ಕೊಡುವುದು ಕೋರ್‌ಗಳಿರುವ ಈ ಸಣ್ಣ ಚಿಪ್ ತುಂಡಿಗೆ ಒಳ್ಳೆಯದಲ್ಲ. ಪ್ರೊಸೆಸರ್ ತಾನಾಗಿ ಇನ್ನಷ್ಟು ಏರಲು ವಿದ್ಯುತ್ ಮಿತಿ ಸಡಿಲಿಸುವ ಪಿಬಿಒ ಮತ್ತು ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್ ಎಂಬ ಸೆಟ್ಟಿಂಗ್‌ಗಳು ಇರುವಾಗ ಅದರ ಅಗತ್ಯವೂ ಇಲ್ಲ.

ಬೋರ್ಡ್

ಮೊದಲು ಚಿಪ್‌ಸೆಟ್, ಅಂದರೆ ಬೋರ್ಡ್ ಏನೇನು ಮಾಡಬಲ್ಲದು ಎಂದು ನಿರ್ಧರಿಸುವ ಚಿಪ್. ಎ320 ಮತ್ತು ಎ520ರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್‌ಗೆ ಎಎಂಡಿ ಅನುಮತಿ ಕೊಟ್ಟಿಲ್ಲ. ಆದರೆ ಎ520ರಲ್ಲಿ ರ‍್ಯಾಮ್ ವೇಗ, ಟೈಮಿಂಗ್ (ಒಂದೊಂದು ಕೆಲಸಕ್ಕೆ ಅದು ಕಾಯುವ ಗಡಿಯಾರದ ಸುತ್ತುಗಳು), ವೋಲ್ಟೇಜ್ ಎಲ್ಲವನ್ನೂ ಮುಟ್ಟಬಹುದು. ಹಾಗಾಗಿ ಬಜೆಟ್ ತೀರಾ ಬಿಗಿಯಿದ್ದರೆ ಎ520 ಜೊತೆ ಒಳ್ಳೆಯ ರ‍್ಯಾಮ್ ತೆಗೆದುಕೊಳ್ಳುವುದು ಬಿ550 ಜೊತೆ ಕಳಪೆ ರ‍್ಯಾಮ್ ತೆಗೆದುಕೊಳ್ಳುವುದಕ್ಕಿಂತ ಜಾಣತನ. ಅಂಗಡಿಯಲ್ಲಿ ಇದನ್ನು ಹೇಳುವವರು ಕಡಿಮೆ.

ಬಿ450 ಮತ್ತು ಬಿ550 ಎರಡರಲ್ಲೂ ಪ್ರೊಸೆಸರ್ ಬೀಗ ತೆರೆದಿದೆ. ಮುಖ್ಯ ವ್ಯತ್ಯಾಸ ಗ್ರಾಫಿಕ್ಸ್ ಸ್ಲಾಟ್‌ನದು: ಕಾರ್ಡ್‌ಗೂ ಪ್ರೊಸೆಸರ್‌ಗೂ ನಡುವಿನ ಹಾದಿ ಬಿ450ರಲ್ಲಿ ಪಿಸಿಐಇ 3.0, ಬಿ550ರಲ್ಲಿ 4.0. ಆ ಹಾದಿಯ ಪೂರ್ತಿ ಹದಿನಾರು ಲೇನ್ ಇರುವ ಕಾರ್ಡ್‌ಗೆ ಇದು ದೊಡ್ಡ ವಿಷಯವಲ್ಲ. ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ನಾಲ್ಕೇ ಲೇನ್‌ನ ಅಗ್ಗದ ಕಾರ್ಡ್ ಇದ್ದರೆ ಬಿ450 ಬೇಡ, ವೇಗ ಅಲ್ಲೇ ಸೋರುತ್ತದೆ.

ಪ್ರೊಸೆಸರ್‌ಗೆ ವಿದ್ಯುತ್ ಹದಮಾಡಿ ಕೊಡುವ ವಿಆರ್‌ಎಂ ಬಗ್ಗೆ ವಿಪರೀತ ಭಯ ಬೇಡ. ಪಿಬಿಒ ಬಿಡಿಸಿ 100–110 ವ್ಯಾಟ್‌ವರೆಗೆ ಬಿಟ್ಟರೂ ನೆಟ್ಟಗಿನ ನಾಲ್ಕು ಫೇಸ್ (ಆ ಹೊರೆ ಹಂಚಿಕೊಳ್ಳುವ ಘಟಕಗಳು), ಅವುಗಳಲ್ಲಿ ಬಿಸಿಯಾಗುವ ಸ್ವಿಚ್‌ಗಳಾದ ಮಾಸ್‌ಫೆಟ್ ಮೇಲೆ ಗಟ್ಟಿಯಾದ ಹೀಟ್‌ಸಿಂಕ್, ಅದರ ಮೇಲೆ ಒಂದಿಷ್ಟು ಗಾಳಿ ಇದ್ದರೆ ನಡೆಯುತ್ತದೆ. ಎಂಎಸ್‌ಐ ಬಿ450 ಟೊಮಾಹಾಕ್ ಮ್ಯಾಕ್ಸ್ ಇದಕ್ಕೆ ಸಾಕ್ಷಿ: 4+2 ಫೇಸ್ ಅಷ್ಟೇ, ಆದರೂ 5600ಕ್ಕೆ ಧಾರಾಳ. ಗಿಗಾಬೈಟ್ ಬಿ550ಎಂ ಡಿಎಸ್3ಎಚ್‌ನ 5+3 ಕೂಡ ಸಾಕು. ಎಂಎಸ್‌ಐ ಬಿ550-ಎ ಪ್ರೊ ಇವೆರಡಕ್ಕಿಂತ ಬಹಳ ಬಲಿಷ್ಠ. ಮುಂದೆ ಹನ್ನೆರಡು ಕೋರ್‌ನ 5900ಎಕ್ಸ್ ಹಾಕುವ ಯೋಚನೆಯಿದ್ದರೆ ಅದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಆ ಹೆಚ್ಚುವರಿ ಹಣ ರ‍್ಯಾಮ್‌ಗೆ ಹೋಗಲಿ. ಹೀಟ್‌ಸಿಂಕೇ ಇಲ್ಲದ ಬೋಳು ಮಾಸ್‌ಫೆಟ್‌ಗಳ ಬಿ450 ಬೋರ್ಡ್‌ಗಳೂ ಮಾರುಕಟ್ಟೆಯಲ್ಲಿವೆ. ಡಬ್ಬದ ಮೇಲೆ ಓವರ್‌ಕ್ಲಾಕಿಂಗ್ ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ಅವನ್ನು ಅಲ್ಲೇ ಬಿಡಿ.

ಫೇಸ್ ಎಣಿಸುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಎರಡು ಸಂಗತಿಗಳಿವೆ. ಒಂದು, ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ (ಬೋರ್ಡ್‌ನ ಮೂಲ ತಂತ್ರಾಂಶ) ಬರೆಯುವ ಸೌಲಭ್ಯ. ಎಂಎಸ್‌ಐ ಇದನ್ನು ಫ್ಲ್ಯಾಶ್ ಬಯಾಸ್ ಬಟನ್ ಎನ್ನುತ್ತದೆ, ಗಿಗಾಬೈಟ್ ಕ್ಯೂ-ಫ್ಲ್ಯಾಶ್ ಪ್ಲಸ್ ಎನ್ನುತ್ತದೆ. 2022ಕ್ಕಿಂತ ಮೊದಲು ಗೋದಾಮು ಸೇರಿದ ಬೋರ್ಡ್ ಸಿಕ್ಕರೆ ಹಳೆಯ ಬಯಾಸ್‌ನಲ್ಲಿ 5600 ಎದ್ದೇಳದೇ ಹೋಗಬಹುದು. ಈ ಬಟನ್ ಇಲ್ಲದಿದ್ದರೆ ಹಳೆಯ ರೈಜನ್ ಒಂದನ್ನು ಸಾಲ ತರಬೇಕು. ಪೆನ್‌ಡ್ರೈವ್ ಫ್ಯಾಟ್32 ಆಗಿರಲಿ, ಬರೆಯುವಾಗ ಯುಪಿಎಸ್ ಇರಲಿ. ನಡುವೆ ಕರೆಂಟ್ ಹೋದರೆ ಅಗ್ಗದ ಬೋರ್ಡ್ ಹಾಗೆಯೇ ಮಲಗಿಬಿಡುತ್ತದೆ. ಎರಡು, ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ತೋರಿಸುವ ಸಣ್ಣ ಡಿಬಗ್ ದೀಪಗಳು. ರ‍್ಯಾಮ್ ಟೈಮಿಂಗ್ ಬಿಗಿ ಮಾಡುವಾಗ ಪರದೆ ಹತ್ತು ಸಲ ಕಪ್ಪಾಗುತ್ತದೆ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳುವ ದೀಪ ಇಲ್ಲದಿದ್ದರೆ ಬರೀ ಊಹೆಯಲ್ಲೇ ಸಂಜೆ ಕಳೆದುಹೋಗುತ್ತದೆ.

ರ‍್ಯಾಮ್

ರೈಜನ್ 5000 ಸರಣಿಯಲ್ಲಿ ರ‍್ಯಾಮ್ ಗಡಿಯಾರ, ಮೆಮೊರಿ ಕಂಟ್ರೋಲರ್ ಮತ್ತು ಪ್ರೊಸೆಸರ್‌ನ ಒಳಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಮೂರೂ ಒಂದೇ ವೇಗದಲ್ಲಿ ಓಡಿದರೆ ಮಾತ್ರ ಲಾಭ. ಡಿಡಿಆರ್4-3600 ಎಂದರೆ ನಿಜವಾದ ಗಡಿಯಾರ 1800 ಮೆಗಾಹರ್ಟ್ಜ್. ಫ್ಯಾಬ್ರಿಕ್ ಅಂದರೆ ಎಫ್‌ಕ್ಲಾಕ್ ಕೂಡ 1800. ಇಷ್ಟನ್ನು ಹೆಚ್ಚುಕಡಿಮೆ ಎಲ್ಲ 5600ಗಳೂ ತಡೆಯುತ್ತವೆ. 1900, ಅಂದರೆ ಡಿಡಿಆರ್4-3800, ಕೆಲವಕ್ಕೆ ಸಲೀಸು, ಕೆಲವಕ್ಕೆ ಆಗುವುದೇ ಇಲ್ಲ. ಅದಕ್ಕಿಂತ ಮೇಲಿನ ಕಿಟ್ ಹಾಕಿದರೆ ಬೋರ್ಡ್ ತಾನಾಗಿ ಕಂಟ್ರೋಲರ್ ಅನ್ನು ಅರ್ಧ ವೇಗಕ್ಕೆ ಇಳಿಸುತ್ತದೆ. ಸಂಖ್ಯೆ ದೊಡ್ಡದಾಗುತ್ತದೆ, ಲೇಟೆನ್ಸಿ, ಅಂದರೆ ಮಾಹಿತಿ ಬರುವವರೆಗಿನ ವಿಳಂಬ, ಕೆಡುತ್ತದೆ. 4400ರ ಕಿಟ್‌ಗೆ ದುಡ್ಡು ಕೊಟ್ಟು 3600ಕ್ಕಿಂತ ನಿಧಾನವಾಗಿ ಓಡಿಸುವವರು ಈಗಲೂ ಇದ್ದಾರೆ.

ವೇಗ ಮಾತ್ರ ನೋಡಬೇಡಿ. ಮೊದಲ ಟೈಮಿಂಗ್ ಆದ ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ರ‍್ಯಾಮ್ ವೇಗದಿಂದ ಭಾಗಿಸಿ, ವಿಳಂಬ ನ್ಯಾನೋಸೆಕೆಂಡ್‌ನಲ್ಲಿ ಸಿಗುತ್ತದೆ. 3200 ಸಿಎಲ್16 ಎಂದರೆ 10. 3600 ಸಿಎಲ್18 ಎಂದರೂ 10. 3600 ಸಿಎಲ್16 ಎಂದರೆ 8.9. ಮೊದಲೆರಡರ ನಡುವೆ ಬೆಲೆಯ ಅಂತರ ದೊಡ್ಡದಿದ್ದರೆ ಅಗ್ಗದ್ದನ್ನೇ ಕೊಂಡು ಕೈಯಿಂದ ಏರಿಸಬಹುದು, ಒಳಗಿನ ಚಿಪ್ ಒಳ್ಳೆಯದಾಗಿದ್ದರೆ.

ಆ ಚಿಪ್ ಯಾವುದು ಎನ್ನುವುದೇ ಇಡೀ ವ್ಯವಹಾರ. ಸ್ಯಾಮ್‌ಸಂಗ್ ಬಿ-ಡೈ (ಡೈ ಎಂದರೆ ಚಿಪ್‌ನ ಒಂದು ಆವೃತ್ತಿ) ಎಲ್ಲಕ್ಕಿಂತ ಮೇಲು: 1.45 ವೋಲ್ಟ್ ಕೊಟ್ಟರೆ 3600ರಲ್ಲಿ ಸಿಎಲ್14 ಸಾಧ್ಯ, ರಿಫ್ರೆಶ್‌ಗೆ ಹಿಡಿಯುವ ಸಮಯವಾದ ಟಿಆರ್‌ಎಫ್‌ಸಿ 288ರ ಸುತ್ತ ಇಳಿಯುತ್ತದೆ. ಬೆಲೆ ಮಾತ್ರ ಬಜೆಟ್ ಪ್ರೊಸೆಸರ್‌ಗೆ ಹೊಂದುವುದಿಲ್ಲ. ನಿಜವಾಗಿ ಹುಡುಕಬೇಕಾದದ್ದು ಮೈಕ್ರಾನ್ ಇ-ಡೈ ಮತ್ತು ಹೈನಿಕ್ಸ್ ಸಿಜೆಆರ್ ಅಥವಾ ಡಿಜೆಆರ್. ಇ-ಡೈ ಗಡಿಯಾರದಲ್ಲಿ ಮೇಲೇರುತ್ತದೆ, 1.4 ವೋಲ್ಟ್‌ನಲ್ಲಿ 3600 ಸಿಎಲ್16 ಸುಲಭ. ಆದರೆ ಸಿಎಲ್ ನಂತರದ ಟೈಮಿಂಗ್ ಆದ ಟಿಆರ್‌ಸಿಡಿ 18–19ರ ಕೆಳಗೆ ಬರದು, ಎಷ್ಟೇ ವೋಲ್ಟೇಜ್ ಕೊಟ್ಟರೂ ಅಷ್ಟೇ. ಟಿಆರ್‌ಎಫ್‌ಸಿ ಕೂಡ 540ರ ಹತ್ತಿರ ನಿಲ್ಲುತ್ತದೆ. ಸಿಜೆಆರ್‌ನಲ್ಲಿ ಅದು 470ರ ಆಸುಪಾಸಿಗೆ ಇಳಿಯುತ್ತದೆ. ಸ್ಯಾಮ್‌ಸಂಗ್ ಎಂದು ಕೇಳಿದ ಮಾತ್ರಕ್ಕೆ ಮರುಳಾಗಬೇಡಿ: ಅದೇ ಕಂಪನಿಯ ಸಿ-ಡೈ 1.35ಕ್ಕಿಂತ ಹೆಚ್ಚು ಕೊಟ್ಟರೆ ಸುಧಾರಿಸುವ ಬದಲು ಹದಗೆಡುತ್ತದೆ.

ಡಬ್ಬದ ಮೇಲೆ ಚಿಪ್ ಹೆಸರು ಬರೆದಿರುವುದಿಲ್ಲ, ಆದರೆ ಸುಳಿವುಗಳಿವೆ. ಕೋರ್ಸೇರ್ ಸ್ಟಿಕ್ಕರ್‌ನಲ್ಲಿ ವರ್ಷನ್ ಸಂಖ್ಯೆ ಇರುತ್ತದೆ. ಮೊದಲ ಅಂಕಿ 3 ಆದರೆ ಮೈಕ್ರಾನ್, 4 ಆದರೆ ಸ್ಯಾಮ್‌ಸಂಗ್, 5 ಆದರೆ ಹೈನಿಕ್ಸ್, 8 ಆದರೆ ನಾನ್ಯಾ. 4.31 ಎಂದಿದ್ದರೆ ಬಿ-ಡೈ. ಜಿ.ಸ್ಕಿಲ್‌ನಲ್ಲಿ 042 ಎಂದು ಶುರುವಾಗುವ ಕೋಡ್‌ನ ಕೊನೆ ನೋಡಿ: 10ಬಿ ಎಂದರೆ ಸ್ಯಾಮ್‌ಸಂಗ್ ಬಿ-ಡೈ, 20ಸಿ ಎಂದರೆ ಹೈನಿಕ್ಸ್ ಸಿಜೆಆರ್. ಕೋಡ್ ಕಾಣದಿದ್ದರೆ ಟೈಮಿಂಗ್ ನೋಡಿ: 3600ಕ್ಕೆ 16-16-16 ಎಂದು ಮೂರೂ ಸಮನಾಗಿದ್ದರೆ ಬಿ-ಡೈ, 16-19-19 ಎಂದಿದ್ದರೆ ಹೆಚ್ಚಾಗಿ ಹೈನಿಕ್ಸ್, 18-22-22 ಎಂದರೆ ಏನು ಬೇಕಾದರೂ ಇರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವುದರ ಲಾಭ ಇಲ್ಲಿದೆ: ಬಿಲ್ ಮಾಡಿಸುವ ಮೊದಲು ಪ್ಯಾಕೆಟ್ ತಿರುಗಿಸಿ ಸ್ಟಿಕ್ಕರ್ ಓದಬಹುದು. ಆನ್‌ಲೈನ್‌ನಲ್ಲಿ ಒಂದೇ ಮಾಡೆಲ್ ಸಂಖ್ಯೆಯಡಿ ಬೇರೆ ಬೇರೆ ಚಿಪ್ ಬರುತ್ತದೆ. ಜಿಎಸ್‌ಟಿ ಬಿಲ್ ಬಿಡಬೇಡಿ, ವಾರಂಟಿಗೆ ಅದೇ ಆಧಾರ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿರುವುದರಿಂದ ಬಹಳ ಜನ ಸೆಕೆಂಡ್‌ಹ್ಯಾಂಡ್ ನೋಡುತ್ತಿದ್ದಾರೆ. ಇ-ಡೈಗೆ ಹೆಸರಾಗಿದ್ದ ಕ್ರೂಷಿಯಲ್ ಬ್ಯಾಲಿಸ್ಟಿಕ್ಸ್ ಸರಣಿಯನ್ನು ಮೈಕ್ರಾನ್ 2022ರಲ್ಲೇ ನಿಲ್ಲಿಸಿದ್ದು, ಈಗ ಸಿಗುವುದು ಹೆಚ್ಚಾಗಿ ಬಳಸಿದ್ದೇ. ತೆಗೆದುಕೊಳ್ಳಿ, ಆದರೆ ಜೋಡಿಯಾಗಿ, ಎರಡರ ಸ್ಟಿಕ್ಕರ್ ಕೋಡ್ ಒಂದೇ ಇರುವುದನ್ನು ನೋಡಿ. ಬಿಡಿಬಿಡಿಯಾಗಿ ಕೂಡಿಸಿದ ಎರಡು ಕಡ್ಡಿಗಳಲ್ಲಿ ದುರ್ಬಲವಾದದ್ದೇ ಎರಡರ ವೇಗವನ್ನೂ ನಿರ್ಧರಿಸುತ್ತದೆ.

ಎಷ್ಟು ಕಡ್ಡಿ? ಎರಡು. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದಕ್ಕೆ ಹಾಕಿ. ಈ ಬೋರ್ಡ್‌ಗಳ ತಂತಿಜಾಲ ಆ ಎರಡರಲ್ಲೇ ಕೊನೆಗೊಳ್ಳುತ್ತದೆ. ಒಂದು, ಮೂರಕ್ಕೆ ಹಾಕಿದರೆ ಖಾಲಿ ಉಳಿದ ತುದಿಯಿಂದ ಸಿಗ್ನಲ್ ಹಿಂದಿರುಗಿ 3600 ಕೂಡ ಅಲುಗಾಡುತ್ತದೆ. ಡ್ಯುಯಲ್ ರ‍್ಯಾಂಕ್‌ನ (ಚಿಪ್‌ಗಳ ಎರಡು ಗುಂಪಿರುವ) 16 ಜಿಬಿ ಕಡ್ಡಿಗಳು ಸಿಕ್ಕರೆ ಈ ಪ್ರೊಸೆಸರ್‌ಗೆ ಅನುಕೂಲ. ಹೊಸ 16 ಜಿಬಿ ಕಡ್ಡಿಗಳಲ್ಲಿ ಹಲವು ಸಿಂಗಲ್ ರ‍್ಯಾಂಕ್.

ಸೆಟ್ಟಿಂಗ್ ಹಾಕುವ ಕ್ರಮ

ರ‍್ಯಾಮ್ ಮೊದಲು, ಕರ್ವ್ ಆಮೇಲೆ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಕ್ರ್ಯಾಶ್ ಯಾವುದರಿಂದ ಎಂದು ತಿಳಿಯುವುದಿಲ್ಲ. ಮೊದಲು ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ತಯಾರಕರ ಸಿದ್ಧ ಸೆಟ್ಟಿಂಗ್) ಆನ್ ಮಾಡಿ, ಎಫ್‌ಕ್ಲಾಕ್ 1800 ಎಂದು ಕೈಯಿಂದ ಬರೆಯಿರಿ, ಮೆಮೊರಿ ಕಂಟ್ರೋಲರ್‌ಗೆ ಹೋಗುವ ಎಸ್‌ಒಸಿ ವೋಲ್ಟೇಜ್ 1.1ಕ್ಕೆ ನಿಲ್ಲಿಸಿ. ಆಟೋ ಬಿಟ್ಟರೆ ಕೆಲವು ಬೋರ್ಡ್‌ಗಳು ಅನಗತ್ಯವಾಗಿ ಏರಿಸುತ್ತವೆ. ಫ್ಯಾಬ್ರಿಕ್‌ನ ವೋಲ್ಟೇಜ್ ಆದ ವಿಡಿಡಿಜಿ ಎಸ್‌ಒಸಿಗಿಂತ ಕನಿಷ್ಠ 0.04–0.05 ವೋಲ್ಟ್ ಕಡಿಮೆ ಇರಬೇಕು, ರ‍್ಯಾಮ್ ಸಂಪರ್ಕದ ವಿಡಿಡಿಪಿ 0.9. ಆಮೇಲೆ ಡಿರ‍್ಯಾಮ್ ವೋಲ್ಟೇಜ್ 1.4 ಮಾಡಿ ಮುಖ್ಯ ಟೈಮಿಂಗ್ ಬಿಗಿ ಮಾಡಿ: ಸಿಜೆಆರ್ ಅಥವಾ ಇ-ಡೈಗೆ 16-19-19-38 ಒಳ್ಳೆಯ ಆರಂಭ. ಬೆಸ ಸಿಎಲ್ ಒಪ್ಪದ ಗೇರ್‌ಡೌನ್ ಮೋಡ್ ಆನ್ ಇದ್ದರೆ ಸಿಎಲ್15 ಬರೆದರೂ 16 ಆಗುತ್ತದೆ, ಅದು ದೋಷವಲ್ಲ.

ನಂತರ ಎರಡನೆಯ ಸಾಲಿನ ಟೈಮಿಂಗ್‌ಗಳು. ಬೋರ್ಡ್‌ಗಳು ಇವನ್ನು ಆಟೋದಲ್ಲಿ ತೀರಾ ಸಡಿಲ ಬಿಡುತ್ತವೆ, ಲಾಭ ಅಡಗಿರುವುದು ಇಲ್ಲೇ. ಟಿಆರ್‌ಆರ್‌ಡಿಎಸ್ 4, ಟಿಆರ್‌ಆರ್‌ಡಿಎಲ್ 6, ಟಿಎಫ್‌ಎಡಬ್ಲ್ಯು 16. ಟಿಆರ್‌ಎಫ್‌ಸಿಯನ್ನು ಒಮ್ಮೆಗೇ ಇಳಿಸದೆ 630ರಿಂದ ಹಂತಹಂತವಾಗಿ ತನ್ನಿ. ಇದು ಅತಿಯಾದರೆ ಪರದೆ ಕಪ್ಪಾಗುವುದಷ್ಟೇ ಅಲ್ಲ, ವಿಂಡೋಸ್ ಫೈಲ್‌ಗಳೇ ಸದ್ದಿಲ್ಲದೆ ಕೆಡುತ್ತವೆ. ಅದಕ್ಕೆಂದೇ ಮೊದಲ ಪರೀಕ್ಷೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86ರಲ್ಲಿ ನಡೆಯಲಿ, ಅದು ಪಾಸಾದ ಮೇಲೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಓಡಿಸಿ. ಹಾಕಿದ್ದೆಲ್ಲ ನಿಜವಾಗಿ ಕೂತಿದೆಯೇ ಎಂದು ಝೆನ್‌ಟೈಮಿಂಗ್ಸ್ ತೋರಿಸುತ್ತದೆ. ಐಡಾ64ರ ಲೇಟೆನ್ಸಿ ಅಳತೆ ಬರೀ ಎಕ್ಸ್‌ಎಂಪಿಯಲ್ಲಿ 65–70 ನ್ಯಾನೋಸೆಕೆಂಡ್ ಸುತ್ತ ಇದ್ದರೆ, ಬಿಗಿ ಮಾಡಿದ ಮೇಲೆ 60ರ ಸಮೀಪಕ್ಕೆ ಅಥವಾ ಒಳಕ್ಕೆ ಬರಬೇಕು.

ಬೂಟ್ ಆಗದಿದ್ದರೆ ಗಾಬರಿ ಬೇಡ. ಬೋರ್ಡ್ ಕೆಲವು ಸಲ ತಾನೇ ಪ್ರಯತ್ನಿಸಿ ಡೀಫಾಲ್ಟ್‌ಗೆ ಮರಳುತ್ತದೆ. ಮರಳದಿದ್ದರೆ ಪವರ್ ತೆಗೆದು ಕ್ಲಿಯರ್ ಸಿಮಾಸ್ ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಕೂಡಿಸಿ. ಅದಕ್ಕೂ ಮೊದಲು ಸೆಟ್ಟಿಂಗ್‌ಗಳನ್ನು ಬಯಾಸ್ ಪ್ರೊಫೈಲ್‌ನಲ್ಲಿ ಉಳಿಸಿದ್ದರೆ ಎಲ್ಲವನ್ನೂ ಮತ್ತೆ ಬರೆಯುವ ಗೋಳು ತಪ್ಪುತ್ತದೆ.

ರ‍್ಯಾಮ್ ಗಟ್ಟಿಯಾದ ಮೇಲೆ ಪಿಬಿಒ: ಪಿಪಿಟಿ 100, ಬೂಸ್ಟ್ ಓವರ್‌ರೈಡ್ +200. ಪ್ರೊಸೆಸರ್ 4.65 ಗಿಗಾಹರ್ಟ್ಜ್‌ವರೆಗೆ ಏರುತ್ತದೆ. ಜೊತೆಗೆ ಬರುವ ವ್ರೈತ್ ಸ್ಟೆಲ್ತ್ ಕೂಲರ್ ಇದಕ್ಕೆ ಸಾಲದು; 90 ಡಿಗ್ರಿ ಮಿತಿ ಮುಟ್ಟಿ ಬೂಸ್ಟ್ ತಾನಾಗಿ ಇಳಿಯುತ್ತದೆ. ನಾಲ್ಕು ಹೀಟ್‌ಪೈಪ್‌ನ ಸಾಧಾರಣ ಟವರ್ ಕೂಲರ್ ಸಾಕು. ಕರ್ವ್ ಎಲ್ಲ ಕೋರ್‌ಗೂ ಮೈನಸ್ 10ರಿಂದ ಶುರುಮಾಡಿ. ರೈಜನ್ ಮಾಸ್ಟರ್‌ನಲ್ಲಿ ನಕ್ಷತ್ರ ಗುರುತಿರುವ ಅತ್ಯುತ್ತಮ ಕೋರ್‌ಗಳೇ ಕಡಿಮೆ ತಡೆಯುತ್ತವೆ, ಅವು ಆಗಲೇ ತುದಿಯಲ್ಲಿರುತ್ತವೆ. ಉಳಿದವು ಮೈನಸ್ 20, ಕೆಲವೊಮ್ಮೆ 30ಕ್ಕೂ ಒಪ್ಪುತ್ತವೆ. ಎಲ್ಲ ಕೋರ್‌ಗೂ ಹೊರೆ ಹಾಕುವ ಸಿನಿಬೆಂಚ್ ಪಾಸಾದರೆ ಮುಗಿಯಿತು ಎಂದುಕೊಳ್ಳಬೇಡಿ. ಕರ್ವ್ ಸೋಲುವುದು ಪೂರ್ತಿ ಹೊರೆಯಲ್ಲಲ್ಲ, ಹಗುರ ಹೊರೆಯಲ್ಲಿ ಒಂದೇ ಕೋರ್ ಮೇಲಕ್ಕೆ ಜಿಗಿಯುವಾಗ. ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್ ಅನ್ನು ರಾತ್ರಿಯಿಡೀ ಬಿಡಿ.

ತೊಂದರೆ ಯಾವುದರದು ಎಂದು ವಿಂಡೋಸ್‌ನ ಇವೆಂಟ್ ವ್ಯೂವರ್ ಹೇಳುತ್ತದೆ. ಹಾರ್ಡ್‌ವೇರ್ ದೋಷದ ದಾಖಲೆಯಾದ ವ್ಹಿಯಾ 18 ಬಂದು ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಕರ್ವ್ ಅತಿಯಾಗಿದೆ; ಅಲ್ಲಿ ಬರೆದ ಎಪಿಐಸಿ ಐಡಿಯನ್ನು ಎರಡರಿಂದ ಭಾಗಿಸಿದರೆ ಯಾವ ಕೋರ್ ಎಂದು ಗೊತ್ತಾಗುತ್ತದೆ. ವ್ಹಿಯಾ 19 ಸಾಲುಸಾಲಾಗಿ ಬಂದರೆ ಎಫ್‌ಕ್ಲಾಕ್ ಹೆಚ್ಚಾಗಿದೆ, ಯಂತ್ರ ನಿಲ್ಲದೆ ಓಡುತ್ತಿದ್ದರೂ ತಿದ್ದುವ ಕೆಲಸದಲ್ಲೇ ವೇಗ ಸೋರುತ್ತಿರುತ್ತದೆ. 1900ರಲ್ಲಿ ಇದು ಕಂಡರೆ ಹಟ ಬಿಟ್ಟು 1866ಕ್ಕೆ ಇಳಿಯಿರಿ.

5600ರ ಬದಲು 5500 ಇದ್ದವರಿಗೆ ಒಂದು ಮಾತು. ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಸಣ್ಣ ಮೆಮೊರಿ) 32ರ ಬದಲು 16 ಎಂಬಿ, ಹಾಗಾಗಿ ಒಳ್ಳೆಯ ರ‍್ಯಾಮ್ ಅದಕ್ಕೆ ಇನ್ನೂ ಹೆಚ್ಚು ಬೇಕು. ಎಲ್ಲವೂ ಒಂದೇ ತುಂಡಿನಲ್ಲಿರುವುದರಿಂದ ಎಫ್‌ಕ್ಲಾಕ್ 2000 ದಾಟುವುದೂ ಸಾಮಾನ್ಯ. ಬಿ550ಗೆ ಹೆಚ್ಚು ಕೊಡಬೇಡಿ, 5500 ಪಿಸಿಐಇ 3.0ಕ್ಕೇ ಸೀಮಿತ. ಎಎಂಡಿ ಬದಲು ಇಂಟೆಲ್ ಐ3-12100ಎಫ್ ನೋಡುತ್ತಿದ್ದರೆ, ಅದರಲ್ಲಿ ವೇಗ ಏರಿಸುವ ಗುಣಕಕ್ಕೆ ಬೀಗವಿದೆ, ಮೆಮೊರಿ ಕಂಟ್ರೋಲರ್‌ಗೆ ಹೋಗುವ ಸಿಸ್ಟಮ್ ಏಜೆಂಟ್ ವೋಲ್ಟೇಜ್‌ಗೂ ಬೀಗ. ಎಚ್610 ಬೋರ್ಡ್‌ನಲ್ಲಿ ರ‍್ಯಾಮ್ ಓವರ್‌ಕ್ಲಾಕ್ ಕೂಡ ಇಲ್ಲ.

ಉಳಿದದ್ದು ಬಿಸಿ. ರ‍್ಯಾಮ್ 45–50 ಡಿಗ್ರಿ ದಾಟಿದಾಗ ಬಿಗಿ ಟಿಆರ್‌ಎಫ್‌ಸಿ ತಪ್ಪು ಎಸೆಯಲು ಶುರುಮಾಡುತ್ತದೆ, ಬಿ-ಡೈ ಇದರಲ್ಲಿ ಎಲ್ಲಕ್ಕಿಂತ ನಾಜೂಕು. ಡಿಸೆಂಬರ್ ರಾತ್ರಿ ಮೈಸೂರಿನಲ್ಲಿ ಪಾಸಾದ ಸೆಟ್ಟಿಂಗ್ ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ನಿಲ್ಲಬೇಕೆಂದಿಲ್ಲ. ಗ್ರಾಫಿಕ್ಸ್ ಕಾರ್ಡ್‌ನ ಬಿಸಿಗಾಳಿ ಕೂಡ ನೇರ ರ‍್ಯಾಮ್ ಮೇಲೇ ಹೋಗುತ್ತದೆ. ಹಾಗಾಗಿ ಕೊನೆಯ ಪರೀಕ್ಷೆಯಲ್ಲಿ ಟೆಸ್ಟ್‌ಮೆಮ್5 ಜೊತೆ ಗ್ರಾಫಿಕ್ಸ್ ಹೊರೆಯನ್ನೂ ಸೇರಿಸಿ, ಕ್ಯಾಬಿನೆಟ್ ಮುಚ್ಚಿ, ಫ್ಯಾನ್ ಹಾಕದ ಕೋಣೆಯಲ್ಲಿ ಓಡಿಸಿ. ತಪ್ಪು ಬಂದರೆ ಟಿಆರ್‌ಎಫ್‌ಸಿಯನ್ನು 20–30 ಹೆಚ್ಚಿಸಿ ಮತ್ತೆ ನೋಡಿ. ವೋಲ್ಟೇಜ್ ಏರಿಸಿದರೆ ಬಿಸಿ ಇನ್ನೂ ಹೆಚ್ಚುತ್ತದೆ.